ಅಕ್ಕನ ಕೋಪ, ತಮ್ಮನ ಹೆಬ್ಬೆರಳು

ಸಾಲೆವಾಯ್ ಊರು, ಸವಾಯಿ ದ್ವೀಪ, ಸಮೋವಾ
೬ ಮಾರ್ಚ್ ೧೯೮೩

ಪ್ರೀತಿಯ ಫುವಾತಿನೋ ಅಕ್ಕನಿಗೆ,

ಇದನ್ನು ಬರೆಯುತ್ತಿರುವವನು ಬರೀ ಇಯೋನಾ ಅಲ್ಲ, ಲೌಮುವಾ ಇಯೋನಾ! ನಗಬೇಡ. ದೊಡ್ಡಪ್ಪ ಹೋದ ಮೇಲೆ ಖಾಲಿ ಬಿದ್ದಿದ್ದ ಲೌಮುವಾ ಪಟ್ಟವನ್ನು ಜನವರಿಯಲ್ಲಿ ವಂಶದವರೆಲ್ಲ ಕೂಡಿ ನನಗೆ ಕಟ್ಟಿದರು. ಇನ್ನು ಊರಲ್ಲಿ ಯಾರು ಸತ್ತರೂ, ಯಾರ ಮದುವೆಯಾದರೂ, ಯಾವ ಅತಿಥಿ ಬಂದರೂ ಅಂಗಳದಲ್ಲಿ ಕೋಲು ಊರಿ ನಿಂತು ಊರಿನ ಪರವಾಗಿ ಮಾತಾಡುವವನು ನಿನ್ನ ತಮ್ಮ. ಚಿಕ್ಕಂದಿನಲ್ಲಿ "ಈ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ" ಅಂತ ಬೈಯುತ್ತಿದ್ದೆಯಲ್ಲ, ಈಗ ಆ ಬಾಯಿಗೇ ಊರು ತಲೆಬಾಗಿದೆ.

ಪಟ್ಟ ಕಟ್ಟುವ ಮೊದಲು ಅಕ್ಕನ ಒಪ್ಪಿಗೆ ಕೇಳಬೇಕು, ಗೊತ್ತು. ಆದರೆ ನನ್ನ ಕಾಗದ ಆಕ್ಲೆಂಡಿಗೆ ಹೋಗಿ ನಿನ್ನ ಉತ್ತರ ಇಲ್ಲಿಗೆ ತಲುಪುವಷ್ಟರಲ್ಲಿ ದೊಡ್ಡಪ್ಪನ ಮಗ ತನೀಲು ಪಟ್ಟವನ್ನು ಹೊತ್ತುಕೊಂಡು ಹೋಗಿರುತ್ತಿದ್ದ. ಈಗಲೂ ಅವನ ಮುಖ ಹುಳಿ ಮಾವಿನಕಾಯಿ ಕಚ್ಚಿದವನ ಹಾಗಿದೆ.

ಊಟ ಭರ್ಜರಿಯಾಗಿತ್ತು. ಹಂದಿಯ ಬೆನ್ನಿನ ಭಾಗ ಮಾತುಗಾರನ ಪಾಲಲ್ಲವೇ, ಅಷ್ಟನ್ನೂ ಬಿಡದೆ ತಿಂದೆ. ಮಾರನೆಯ ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಊದಿ ಕೆಂಪಗಾಗಿತ್ತು. ಕುಣಿಯುವಾಗ ಕಲ್ಲಿಗೆ ಎಡವಿದ್ದೆನೇನೋ. ವಾರದಲ್ಲಿ ತಾನಾಗಿಯೇ ಹೋಯಿತು. ಸಲಿಲೋ ನಿನಗೆ ಮುತ್ತು ಕಳಿಸಿದ್ದಾಳೆ. "ಅತ್ತಿಗೆಗೆ ಮೊದಲೇ ಹೇಳ್ಬೇಕಿತ್ತು" ಅಂತ ದಿನಾ ಗೊಣಗುತ್ತಾಳೆ, ಹೆಂಡತಿಯರ ಸ್ವಭಾವವೇ ಅಷ್ಟು.

ನಿನ್ನ ತಮ್ಮ,
ಲೌಮುವಾ ಇಯೋನಾ


ಓಟಾರಾ, ಆಕ್ಲೆಂಡ್
೨ ಏಪ್ರಿಲ್ ೧೯೮೩

ಇಯೋನಾ,

ಲೌಮುವಾ ಅಂತ ಕರೆಯಬೇಕಾದರೆ ನೀನು ನನ್ನ ಮುಂದೆ ನಿಂತು ಒಂದು ಭಾಷಣ ಮಾಡಬೇಕು. ಅಲ್ಲಿಯತನಕ ನೀನು ಇಯೋನಾನೇ, ಹಲಸಿನ ಮರದಿಂದ ಬಿದ್ದು ಕತ್ತೆಯ ಹಾಗೆ ಅರಚಿದವನೇ.

ಸಂತೋಷವಾಯಿತು ಕಣೋ. ಕಾಗದ ಓದಿ ಹೋಟೆಲಿನ ಬಟ್ಟೆ ಒಗೆಯುವ ಮನೆಯಲ್ಲಿ, ಎಲ್ಲರೆದುರೂ, ಕೈಯಲ್ಲಿದ್ದ ಹಾಸು ಬಿಸಾಕಿ ಕುಣಿದೆ. ಮೇಲ್ವಿಚಾರಕಿ ಓಡಿಬಂದು "ಏನಾಯ್ತು, ಇಲಿ ಬಂತಾ" ಅಂದಳು. "ನನ್ನ ತಮ್ಮ ದೊಡ್ಡ ಮನುಷ್ಯ ಆದ" ಅಂದೆ. ಅವಳಿಗೆ ಅರ್ಥವಾಗಲಿಲ್ಲ ಬಿಡು.

ಇನ್ನೊಂದು ಮಾತು. ನಿನ್ನ ಪಟ್ಟದ ಸುದ್ದಿ ನನಗೆ ಫೆಬ್ರವರಿಯಲ್ಲೇ ಚರ್ಚಿನ ಹೆಂಗಸರಿಂದ ಗೊತ್ತಾಗಿತ್ತು, ನೀನೇ ಬರೆಯಲಿ ಅಂತ ಕಾದೆ. ಅಮ್ಮನ ನಯ ಚಾಪೆಯನ್ನು ಪಟ್ಟದ ದಿನ ಕಾಣಿಕೆಯಾಗಿ ಕೊಟ್ಟುಬಿಟ್ಟರು ಅಂತಲೂ ಅವರೇ ಹೇಳಿದರು. ಅಮ್ಮ ವರ್ಷಗಟ್ಟಲೆ ಕೂತು, ಕೂದಲಿನಷ್ಟು ಸಣ್ಣಗೆ ಎಲೆ ಸೀಳಿ, ಕಣ್ಣು ಕಳೆದುಕೊಂಡು ಹೆಣೆದದ್ದು. ಸಾಯುವಾಗ "ಇದು ಫುವಾತಿನೋದು" ಅಂದದ್ದನ್ನು ನೀನೂ ಕೇಳಿಸಿಕೊಂಡಿದ್ದೆ. ಅದು ಯಾರ ಮನೆಗೆ ಹೋಯಿತು? ಸುಮ್ಮನೆ ಕೇಳಿದೆ.

ನಾನು ಗುಂಡುಕಲ್ಲಿನ ಹಾಗಿದ್ದೇನೆ. ಡಾಕ್ಟರು ರಕ್ತದೊತ್ತಡಕ್ಕೆ ಒಂದು ಮಾತ್ರೆ ಕೊಟ್ಟಿದ್ದಾರೆ, ನುಂಗಿದರೆ ದಿನವಿಡೀ ಮೂತ್ರಕ್ಕೆ ಓಡುವುದೇ ಕೆಲಸ. ಅದು ಬಿಟ್ಟರೆ ಏನೂ ಇಲ್ಲ.

ಅಕ್ಕ


ಸಾಲೆವಾಯ್
೮ ಮೇ ೧೯೮೩

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಎರಡು ಸಲ ಓದಿದೆ. ಈ ವರ್ಷ ಹಲಸು ಚೆನ್ನಾಗಿ ಬಿಟ್ಟಿದೆ. ಚರ್ಚಿಗೆ ಹೊಸ ತಗಡು ಹೊದಿಸಿದ್ದೇವೆ. ಸಲಿಲೋಳ ಕೋಳಿಗಳನ್ನು ಪಕ್ಕದ ಮನೆ ನಾಯಿ ತಿಂದುಹಾಕಿತು.

ಹೆಬ್ಬೆರಳು ಮತ್ತೆ ಬಂತು ಅಕ್ಕಾ. ತಗಡು ಹೊದಿಸಿದ ದಿನ ಅಂಗಳದಲ್ಲಿ ಎಲ್ಲರೂ ಮೆಚ್ಚುವ ಹಾಗೆ ಮಾತಾಡಿ, ಉಂಡು ಮಲಗಿದೆ. ಬೆಳಗಿನ ಜಾವ ಎಚ್ಚರವಾದರೆ ಕಾಲನ್ನು ಯಾರೋ ಒಲೆಯ ಕಲ್ಲುಗಳ ನಡುವೆ ಹೂತಿಟ್ಟ ಹಾಗೆ. ಹೊದಿಕೆಯ ಅಂಚು ತಗಲಿದರೂ ಜೀವ ಹೋಗುತ್ತಿತ್ತು. ಸಲಿಲೋ ನಡೆದರೆ ನೆಲ ಅದುರಿ ನೋಯುತ್ತದೆ ಅಂತ ಅವಳನ್ನು ಮನೆಯಿಂದ ಹೊರಗೆ ಕಳಿಸಿದೆ. ನಗಬೇಡ, ಅವಳೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ಹೊರಗೆ ಹೋಗಿ ಕೂತಳು. ಎಣ್ಣೆ ತಿಕ್ಕುವ ಮೆಲೆ ಅಜ್ಜಿಯನ್ನು ಕರೆಸಿದೆವು. ಅವಳು ತಿಕ್ಕಿದಷ್ಟೂ ಹೆಚ್ಚಾಯಿತು.

ಅದರ ಮೇಲೆ ಊರ ಸಭೆ. ಎಲ್ಲರೂ ತಮ್ಮ ತಮ್ಮ ಕಂಬಕ್ಕೆ ಒರಗಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ, ನನಗೆ ಕಾಲು ಮಡಚಲು ಆಗುತ್ತಿಲ್ಲ. ಸಭೆಯಲ್ಲಿ ಕಾಲು ಚಾಚುವುದೂ ಎದುರಿದ್ದವನ ಮುಖಕ್ಕೆ ಉಗಿಯುವುದೂ ಒಂದೇ ಅಂತ ನಿನಗೆ ಹೇಳಬೇಕೇ? ತಪ್ಪಾಯಿತು ಅಂತ ಹೇಳಿ, ಕಾಲಿನ ಮೇಲೆ ಚಾಪೆ ಎಳೆದುಕೊಂಡು ಚಾಚಿದೆ. ತನೀಲು ನಿಧಾನವಾಗಿ ಅಂದ: "ಪಾಪ, ಪಟ್ಟ ತಲೆಗೆ ಕಟ್ಟಿದ್ದು, ಭಾರ ಕಾಲಿಗೆ ಬಿತ್ತು ನೋಡಿ. ನಮ್ಮಪ್ಪ ಇಪ್ಪತ್ತು ವರ್ಷ ಕೂತ ಜಾಗ ಅದು. ಯಾರನ್ನ ಕೇಳದೆ ಕೂತ್ರೋ ಅವ್ರ ಮನಸ್ಸು ನೋಯ್ದೆ ಇರುತ್ತಾ?" ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಚೆನ್ನಾಗಿರು. ಬೇಗ ಬರೆ.

ತಮ್ಮ


ಓಟಾರಾ
೧೨ ಜೂನ್ ೧೯೮೩

ಇಯೋನಾ,

ಕಾಗದ ಬಂತು. ಕೋಳಿಯ ವಿಷಯ ಬರೆದೆ, ಚಾಪೆಯ ವಿಷಯ ಬರೆಯಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಫುವಾತಿನೋ


ಸಾಲೆವಾಯ್
೩ ಜುಲೈ ೧೯೮೩

ಪೂಜ್ಯ ಅಕ್ಕನವರ ಪಾದಗಳಿಗೆ,

ತಮ್ಮ ಕಾಗದ ತಲುಪಿತು. ಅಕ್ಷರಗಳು ತಮ್ಮವಲ್ಲವೇನೋ ಅನ್ನುವಷ್ಟು ಸೊಟ್ಟಗಿದ್ದವು. ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದೀರಿ. ಅಷ್ಟು ಕೋಪ ಬಂದಿದೆಯೆಂದು ತಿಳಿಯಿತು. ಕೆಳಗೆ "ಅಕ್ಕ" ಎಂದು ಬರೆಯದೆ ಹೆಸರು ಬರೆದದ್ದನ್ನೂ ಕಂಡೆ.

ಮೂರನೆಯ ಸಲ ಕಾಲು ಊದಿದೆ. ಈ ಸಲ ಪಾದದ ಗಂಟೂ ಸೇರಿದೆ. ಸಲಿಲೋಳ ಬಲವಂತಕ್ಕೆ ಆಸ್ಪತ್ರೆಗೆ ಹೋದೆ. ಅಲ್ಲಿನ ದಾದಿ "ನೋಡೋಕೆ ಗೌಟ್ ಇದ್ದ ಹಾಗಿದೆ" ಅಂತ ಊದಿದ ದಿನವೇ ರಕ್ತ ತೆಗೆದು ಅಪಿಯಾದ ದೊಡ್ಡಾಸ್ಪತ್ರೆಗೆ ಕಳಿಸಿದಳು. ಚೀಟಿ ವಾಪಸು ಬಂತು. ಆ ಕಾಯಿಲೆಯಲ್ಲಿ ರಕ್ತದಲ್ಲಿ ಯೂರಿಕ್ ಆಮ್ಲ ಎಂಬುದು ಹೆಚ್ಚಿರಬೇಕಂತೆ. ನನಗೆ ಎಷ್ಟಿರಬೇಕೋ ಅಷ್ಟೇ ಇದೆ. "ಹಾಗಾದ್ರೆ ಅದಲ್ಲ ಬಿಡಿ" ಅಂದಳು.

ಮೆಲೆ ಅಜ್ಜಿ ಚೀಟಿಯ ವಿಷಯ ಕೇಳಿ ತಿಕ್ಕುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು. "ಬಿಳಿಯರ ಕಾಯ್ಲೆ ಆಗಿದ್ರೆ ಬಿಳಿಯರ ಸೂಜಿಗೆ ಸಿಕ್ತಿತ್ತಪ್ಪಾ. ಸಿಗ್ಲಿಲ್ಲ ಅಂದ್ರೆ ಇದು ನಮ್ಮ ಮಣ್ಣಿನ ಕಾಯ್ಲೆ. ನಿಂಗೆ ಒಡಹುಟ್ಟಿದೋಳು ಇದಾಳಲ್ಲ, ಅವಳು ಕಣ್ಣಲ್ಲಿ ನೀರು ಹಾಕಿದಾಳಾ?"

ಲೆಕ್ಕ ಹಾಕಿ ನೋಡಿದೆ. ಪಟ್ಟ ಕಟ್ಟಿಸಿಕೊಂಡ ಮಾರನೆಯ ದಿನ ಒಂದು, ಲೌಮುವಾ ಎಂದು ಎದ್ದು ಮಾತಾಡಿದ ದಿನ ಒಂದು, ಬೇರೆ ಊರಿನ ಸಾವಿಗೆ ಹೋಗಿ ಮಾತಾಡಿ ಬಂದ ಮೇಲೆ ಒಂದು. ತಮ್ಮನ್ನು ಕೇಳದೆ ಪಡೆದ ಪಟ್ಟವನ್ನು ಬಳಸಿದಾಗಲೆಲ್ಲ ಕಾಲು ಹಿಡಿಯುತ್ತಿದೆ. ಅಕ್ಕತಂಗಿಯರ ಶಾಪಕ್ಕಿಂತ ದೊಡ್ಡದು ನಮ್ಮಲ್ಲಿ ಯಾವುದಿದೆ?

ಚಾಪೆಯನ್ನು ತನೀಲುವಿನ ಕಡೆಯವರಿಗೇ ಕೊಟ್ಟೆ. ಅದಕ್ಕಿಂತ ಕಡಿಮೆಗೆ ಅವರು ಒಪ್ಪುತ್ತಿರಲಿಲ್ಲ. ತಪ್ಪಾಯಿತು. ಕಾಲು ಬಿಡಿಸಿ. ಇಂದಿನಿಂದ ವಾರಕ್ಕೆ ಮೂರು ದಿನ ಉಪವಾಸ ಕೂರುತ್ತೇನೆ, ಅಂದು ಬರೀ ಎಳನೀರು. ಸೆಪ್ಟೆಂಬರ್ ಕೊನೆಗೆ ವಂಶದ ಸಭೆ ಇದೆ. ಅಷ್ಟರಲ್ಲಿ ತಮ್ಮ ಮನಸ್ಸು ಕರಗದಿದ್ದರೆ ಪಟ್ಟವನ್ನು ತನೀಲುವಿಗೆ ಬಿಟ್ಟುಕೊಡುತ್ತೇನೆ.

ತಮ್ಮ ಅಪರಾಧಿ,
ಇಯೋನಾ


ಸಾಲೆವಾಯ್
೩೧ ಜುಲೈ ೧೯೮೩

ಪೂಜ್ಯ ಅಕ್ಕನವರಿಗೆ,

ಉತ್ತರ ಬರಲಿಲ್ಲ. ದೋಣಿ ಬಂದಾಗಲೆಲ್ಲ ಸಲಿಲೋ ಅಂಚೆಯವನನ್ನು ಕೇಳಿ ಬರುತ್ತಾಳೆ. ನನಗೆ ಅಷ್ಟು ದೂರ ನಡೆಯಲಾಗುವುದಿಲ್ಲ.

ಉಪವಾಸದಿಂದ ನೋವು ಇಳಿಯಲಿಲ್ಲ, ಇನ್ನೊಂದು ಕಾಲಿಗೂ ಬಂತು. ದೇವರೂ ತಮ್ಮ ಕಡೆಗೇ ಇದ್ದಾನೆ ಎಂದಾಯಿತು. ಪಟ್ಟ ಹೋದರೆ ಹೋಗಲಿ. ತಮ್ಮಿಂದ ಒಂದು ಬೈಗುಳವಾದರೂ ಬರಲಿ.

ಇಯೋನಾ


ಓಟಾರಾ
೧೦ ಆಗಸ್ಟ್ ೧೯೮೩

ಲೋ ಇಯೋನಾ,

ಬೈಗುಳ ಬೇಕು ಅಂದೆಯಲ್ಲ, ತಗೋ. ಕತ್ತೆ. ಮಂಡೆಯಲ್ಲಿ ಮಣ್ಣು ತುಂಬಿರುವವನೇ. ತಾವು, ತಮ್ಮ, ಪಾದಗಳಿಗೆ! ನಿನ್ನ ಮೂಗು ಒರೆಸಿ ಬೆಳೆಸಿದವಳಿಗೆ ಹೀಗೆ ಬರೆಯುತ್ತೀಯಾ? ಮೊದಲು ಓದಿದಾಗ ಗೇಲಿ ಮಾಡುತ್ತಿದ್ದೀಯ ಅಂತಲೇ ತಿಳಿದೆ. ಪಟ್ಟ ಬಂದ ಮೇಲೆ ನಾಲಿಗೆ ಉದ್ದವಾಯಿತು ಅಂದುಕೊಂಡು ಕಾಗದ ಎತ್ತಿಟ್ಟೆ. ಎರಡನೆಯದು ಬಂದ ಮೇಲೆ ಎರಡನ್ನೂ ಜೊತೆಗಿಟ್ಟು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ.

ಜೂನಿನ ಕಾಗದದ ಅಕ್ಷರ ಸೊಟ್ಟಗಿದ್ದದ್ದು ಕೋಪದಿಂದಲ್ಲವೋ. ನನ್ನ ಬಲಗೈ ಮಣಿಕಟ್ಟು ತೆಂಗಿನಕಾಯಿಯ ಹಾಗೆ ಊದಿತ್ತು. ಪೆನ್ನು ಬೆರಳಿಗೆ ತಗಲಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಆ ಮೂರು ಸಾಲು ಎಡಗೈಯಲ್ಲಿ ಬರೆದದ್ದು. ಬೇರೆಯವರ ಕೈಲಿ ಬರೆಸಬಹುದಿತ್ತು, ಆದರೆ ಬರೆಸಿದರೆ ನನಗೆ ಮೈ ಸರಿಯಿಲ್ಲ ಅಂತ ನಿನಗೆ ಗೊತ್ತಾಗುತ್ತಿತ್ತು.

ಕೇಳು. ನನಗೆ ಎರಡು ವರ್ಷದಿಂದ ಇದು ಬಂದು ಹೋಗುತ್ತಿದೆ. ಮೊದಲು ಕಾಲಿಗೆ, ಆಮೇಲೆ ಬೆರಳಿಗೆ, ಈಗ ಮಣಿಕಟ್ಟಿಗೆ. ಮೊದಲಿನ ಡಾಕ್ಟರು ಬೆರಳಿನ ಗಂಟು ನೋಡಿ "ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಬಟ್ಟೆ ಹಿಂಡಿ ಹಿಂಡಿ ಸವೆದಿದೆ" ಅಂದಿದ್ದರು. ಗೌಟ್ ಇರಬಹುದೇ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೌಟ್ ಅಂದರೆ ನಮ್ಮ ಚರ್ಚಿನಲ್ಲಿ ಹೇಗೆ ನಗುತ್ತಾರೆ ಗೊತ್ತಾ? "ಇನ್ನೊಂದು ತಟ್ಟೆ ಹಾಕ್ಲಾ ಅಣ್ಣಾ, ಇನ್ನೊಂದು ಕಾಲು ಇದೆಯಲ್ಲ" ಅಂತ. ತಿಂದು ತಿಂದು ಬಂದ ಕಾಯಿಲೆ, ಅದೂ ಗಂಡಸರ ಕಾಯಿಲೆ. ಭಾನುವಾರ ಮುಂದಿನ ಸಾಲಿನಲ್ಲಿ ಬಿಳಿ ಟೋಪಿ ಹಾಕಿ ಕೂರುವ ವಿಧವೆ ನಾನು. ಹೇಗೆ ಹೇಳಲಿ?

ಜುಲೈಯಲ್ಲಿ ಮಣಿಕಟ್ಟಿನ ಜೊತೆ ಜ್ವರವೂ ಬಂತು. ಹೊಸದಾಗಿ ಬಂದ ಡಾಕ್ಟರ್ ಹುಡುಗಿ ಹೆದರಿದಳು. "ಕೀಲಿನೊಳಗೆ ಕೀವಾಗಿದ್ರೆ ಕೈನೇ ಹೋಗುತ್ತೆ ಅಮ್ಮಾ, ನೋಡದೆ ಬಿಡೋಕಾಗಲ್ಲ" ಅಂತ ಸೂಜಿ ಚುಚ್ಚಿ ಒಳಗಿನ ನೀರು ತೆಗೆದಳು. ಅವಳು ಕೇಳಿದ ಪ್ರಶ್ನೆಗಳನ್ನು ನೀನೂ ಕೇಳಿಕೋ. ಚೆನ್ನಾಗಿ ಮಲಗಿದವಳು ಎದ್ದಾಗ ನೋವಿತ್ತಾ? ಒಂದು ದಿನದೊಳಗೇ ತುದಿ ಮುಟ್ಟಿತಾ? ಹೊದಿಕೆ ಸಹ ತಡೆಯಲಾಗುತ್ತಿರಲಿಲ್ಲವಾ? ಕೆಲವು ದಿನಕ್ಕೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಹೋಗಿಬಿಡುತ್ತಾ? ನಾನು ಎಲ್ಲಕ್ಕೂ ಹೂಂ ಅನ್ನುವಾಗ ನಿನ್ನ ಮೇ ತಿಂಗಳ ಕಾಗದ ಕಣ್ಣ ಮುಂದೆ ಬಂತು. ನೀನು ಅಲ್ಲಿ ಬರೆದದ್ದನ್ನೇ ಅವಳು ಇಲ್ಲಿ ಓದುತ್ತಿದ್ದ ಹಾಗಿತ್ತು.

ಕೀವು ಇರಲಿಲ್ಲ. ಅವಳು ನನ್ನನ್ನು ಕರೆದುಕೊಂಡು ಹೋಗಿ, ಆ ನೀರಿನ ಹನಿಯನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಕಣ್ಣಿಟ್ಟು ನೋಡು ಅಂದಳು. ಸೂಜಿಗಳು ಕಣೋ. ಹೊಲಿಗೆ ಡಬ್ಬಿ ಮಗುಚಿಬಿದ್ದ ಹಾಗೆ ರಾಶಿ ಸೂಜಿಗಳು, ಕೆಲವು ಹಳದಿ, ಕೆಲವು ನೀಲಿ. ಯೂರಿಕ್ ಆಮ್ಲ ಮೂತ್ರದಲ್ಲಿ ಹೋಗಬೇಕಾದ ಕಸವಂತೆ. ಹೋಗದೆ ಉಳಿದು ಕೀಲಿನಲ್ಲಿ ಹರಳುಗಟ್ಟುತ್ತದೆ. ಇಷ್ಟು ನೋವಾಗುವುದು ಏಕೆ ಅಂತ ಆಗ ಅರ್ಥವಾಯಿತು. ನನ್ನ ರಕ್ತದೊತ್ತಡದ ಮಾತ್ರೆಯೂ ಅದನ್ನು ಹೆಚ್ಚಿಸಿತ್ತು. ತಿಂದದ್ದಷ್ಟೇ ಕಾರಣವಲ್ಲ, ನಮ್ಮ ದ್ವೀಪದವರ ರಕ್ತದಲ್ಲೇ ಆ ಕಸ ಉಳಿಯುವ ಗುಣ ಇದೆ, ಹಂದಿ, ಮೀನು, ಡಬ್ಬಿ ಮಾಂಸದ ದೊಡ್ಡ ಊಟ ಅದನ್ನು ಕೆರಳಿಸುತ್ತದೆ ಅಂದಳು. ಉಪವಾಸ ಕೂತರೂ ಕೆರಳುತ್ತದಂತೆ, ಅದನ್ನೂ ಕೇಳಿದೆ. ಈ ಕಾಗದ ಸೇರಿದ ಕೂಡಲೇ ಎದ್ದು ಗಂಜಿ ಕುಡಿ.

ಇನ್ನೂ ಒಂದು. ಊದಿಕೊಂಡಿದ್ದಾಗ ನನ್ನ ರಕ್ತದ ಚೀಟಿಯೂ "ಸರಿಯಿದೆ" ಅಂತಲೇ ಬಂತು! ನೋವು ಇರುವಾಗ ಕೆಲವರಿಗೆ ಹಾಗೆ ಇಳಿದು ಕಾಣುತ್ತದೆ, ಪೂರ್ತಿ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ತೆಗೆಯಬೇಕು ಅಂದಳು. ಮೊನ್ನೆ ತೆಗೆದರೆ ಮೇಲೆ ಹತ್ತಿ ಕೂತಿದೆ. ನಿನ್ನ ಚೀಟಿ ಸುಳ್ಳಲ್ಲ, ತೆಗೆದ ದಿನ ತಪ್ಪು. ಪಟ್ಟದ ಮಾತಾಡಿದಾಗಲೆಲ್ಲ ಕಾಲು ಹಿಡಿಯಿತು ಅಂದೆಯಲ್ಲ, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಕಟ್ಟಿದೆ. ಮಾತಾಡಿದ ಮೇಲೆ ಏನು ಮಾಡುತ್ತಿದ್ದೆ? ಹಂದಿ ತಿನ್ನುತ್ತಿದ್ದೆ.

"ಮನೆಯಲ್ಲಿ ಬೇರೆ ಯಾರಿಗಿತ್ತು" ಅಂತಲೂ ಕೇಳಿದಳು. ನಾಚಿಕೆಯಿಂದ ಯಾರಿಗೂ ಇಲ್ಲ ಅಂದೆ. ದಾರಿಯಲ್ಲಿ ಬಸ್ಸಿನಲ್ಲಿ ಅಪ್ಪನ ಕಿವಿ ನೆನಪಾಯಿತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುಳ್ಳೆಗಳಿದ್ದವಲ್ಲ, ಮಾತು ಬಲ್ಲವರ ಮುತ್ತು ಅಂತ ಊರವರು ಹೊಗಳುತ್ತಿದ್ದರು. ದೊಡ್ಡಪ್ಪನಿಗೂ ಇದ್ದವು. ಅದು ಇದೇ ಹರಳು ಇಯೋನಾ. ಅಪ್ಪ "ಇವತ್ತು ಬಲೆ ಬೀಸೋಕೆ ಮನಸ್ಸಿಲ್ಲ" ಅಂತ ಮಲಗಿರುತ್ತಿದ್ದ ದಿನಗಳಲ್ಲಿ ನಾವು ಸೋಮಾರಿ ಅಂತ ಆಡಿಕೊಂಡೆವು.

ಈಗ ಹೇಳು, ಅಕ್ಕನ ಶಾಪ ಅಕ್ಕನ ಕೈಗೇ ತಗಲುತ್ತದಾ?

ಕೋಪ ಬಂದದ್ದು ನಿಜ. ಇನ್ನೂ ಇದೆ. ಆದರೆ ಯಾವುದಕ್ಕೆ ಅಂತ ತಿಳಿದುಕೋ. ಚಾಪೆ ಹೋದದ್ದಕ್ಕಿಂತ ಹೆಚ್ಚಾಗಿ ನೀನು ಕೋಳಿಯ ಸುದ್ದಿ ಬರೆದದ್ದಕ್ಕೆ. ಆಮೇಲೆ ಕ್ಷಮೆ ಕೇಳಿದೆ, ಅದನ್ನೂ ನಿನ್ನ ಹೆಬ್ಬೆರಳಿಗಾಗಿ ಕೇಳಿದೆ. ನನಗಾಗಿ ಕೇಳಲಿಲ್ಲ.

ಅಪಿಯಾಕ್ಕೆ ಹೋಗು. ಕೀಲಿನ ನೀರು ತೆಗೆಸು.

ಅಕ್ಕ


ಸಾಲೆವಾಯ್
೨೮ ಆಗಸ್ಟ್ ೧೯೮೩

ಅಕ್ಕಾ,

ಕಾಗದವನ್ನು ಸಲಿಲೋ ಗಟ್ಟಿಯಾಗಿ ಓದಿದಳು. ಬೈಗುಳ ಬಂದ ಕಡೆ ಎರಡೆರಡು ಸಲ ಓದಿದಳು. ಗಂಜಿ ಕುಡಿದೆ. ನಿನ್ನ ಕೈ ಹೇಗಿದೆ? ನೋವಿನಲ್ಲಿ ಎಡಗೈಯಿಂದ ಬರೆದ ಆ ಮೂರು ಸಾಲನ್ನು ನಾನು ತಲೆದಿಂಬಿನ ಕೆಳಗಿಟ್ಟು ಹೆದರುತ್ತಿದ್ದೆನಲ್ಲ.

ಆದರೆ ಸುಳ್ಳು ಹೇಳಲಾರೆ. ನಿನ್ನ ಪ್ರಶ್ನೆಯನ್ನು ಮೆಲೆ ಅಜ್ಜಿಗೆ ಕೇಳಿದೆ. "ತಗಲ್ದೆ ಏನು? ಅಕ್ಕ ತಮ್ಮ ಒಂದೇ ಹಗ್ಗದ ಎರಡು ತುದಿ. ಹಗ್ಗ ಜಗ್ಗಿದ್ರೆ ಇಬ್ರ ಕೈಯೂ ಉರಿಯುತ್ತೆ" ಅಂದಳು. ತನೀಲು ಇದನ್ನೇ ಮನೆ ಮನೆಗೂ ಹಂಚಿ ಬಂದ. ಈಗ ಊರಿನವರ ಲೆಕ್ಕದಲ್ಲಿ ಶಾಪ ಎರಡುಪಟ್ಟು ಗಟ್ಟಿಯಾಗಿದೆ.

ಸೂಜಿಯ ವಿಷಯ ನನ್ನ ತಲೆ ಒಪ್ಪಿದೆ ಅಕ್ಕಾ. ಹೊಟ್ಟೆಯೊಳಗಿನ ಹೆದರಿಕೆ ಒಪ್ಪಿಲ್ಲ. ಕಾಲು ಸ್ವಲ್ಪ ಇಳಿದ ಮೇಲೆ ಅಪಿಯಾಕ್ಕೆ ಹೋಗುತ್ತೇನೆ. ಹೋಗುವ ಮೊದಲು ಹಿಂದಿನವರು ಮಾಡುತ್ತಿದ್ದ ಹಾಗೆ ಒಂದು ಬಾಯಿ ಎಳನೀರು ಮುಕ್ಕಳಿಸಿ ಉಗಿಯುತ್ತೀಯಾ? ಮನಸ್ಸಲ್ಲಿದ್ದದ್ದನ್ನು ಹೊರಗೆ ಹಾಕಿದೆ ಅಂತ. ಪಾದ್ರಿಗೆ ಹೇಳಬೇಡ.

ನಿನ್ನ ಇಯೋನಾ


ಓಟಾರಾ
೧೧ ಸೆಪ್ಟೆಂಬರ್ ೧೯೮೩

ತಮ್ಮಾ,

ಇಲ್ಲಿ ಎಳನೀರು ಎಲ್ಲಿ ಸಿಗಬೇಕು? ಸಂತೆಯಲ್ಲಿ ಒಣಗಿದ ಕಾಯಿ ಒಂದು ಸಿಕ್ಕಿತು, ಕಣ್ಣು ಕುಕ್ಕುವ ಬೆಲೆ. ಚರ್ಚಿನ ಅಡುಗೆಮನೆಯಲ್ಲಿ ಒಡೆದೆ. ಹೆಂಗಸರು ಏನಿದು ಅಂತ ಸುತ್ತ ನಿಂತರು. ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ಎಲ್ಲವನ್ನೂ ಹೇಳಿದೆ, ನಿನ್ನ ಕಾಲು, ನನ್ನ ಕೈ, ಗೌಟ್. ನಗುತ್ತಾರೆ ಅಂದುಕೊಂಡಿದ್ದೆ. ಒಬ್ಬಳು ತನ್ನ ಗಂಡನ ಹೆಸರು ಹೇಳಿದಳು, ಇನ್ನೊಬ್ಬಳು ತನ್ನ ಮಂಡಿ ತೋರಿಸಿದಳು. ಆಮೇಲೆ ಸಮೋವಾ ಇರುವ ದಿಕ್ಕು ಯಾವುದು ಅಂತ ಜಗಳವಾಡಿ, ಕೊನೆಗೆ ಕಿಟಕಿಯ ಕಡೆ ತಿರುಗಿ ಬಾಯಿ ತುಂಬ ನೀರು ತುಂಬಿ ಉಗಿದೆ. ಅರ್ಧ ಪಾದ್ರಿಯ ಪರದೆಯ ಮೇಲೆ ಬಿತ್ತು.

ಕೋಪವನ್ನು ಉಗಿದೆ ಕಣೋ, ನಿಜವಾಗಿ ಹೋಯಿತು. ನೋವನ್ನು ಉಗಿಯಲು ಆಗಲಿಲ್ಲ, ಅದು ಗಂಟಲಲ್ಲೇ ಇದೆ. ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ಅದರಿಂದ ನಿನ್ನ ಕಾಲು ಊದುವುದಿಲ್ಲ.

ಜೊತೆಗಿರುವ ಇನ್ನೊಂದು ಹಾಳೆ ವಂಶದ ಸಭೆಗೆ. ಪಾದ್ರಿಯ ಕೈಲಿ ಓದಿಸು: "ನಾನು ಫುವಾತಿನೋ, ಈ ವಂಶದ ಮಗಳು. ನನ್ನನ್ನು ಕೇಳದೆ ಪಟ್ಟ ಕಟ್ಟಿದಿರಿ. ಈಗ ಕೇಳಿದಿರಿ ಅಂತ ತಿಳಿದು ಹೇಳುತ್ತೇನೆ, ಪಟ್ಟ ಇಯೋನಾನಿಗೇ. ನಾನು ಶಾಪ ಹಾಕಿಲ್ಲ. ಹಾಕಿದಳು ಅನ್ನುವವರು ನನ್ನ ಮುಖ ನೋಡಿ ಹೇಳಲಿ. ನನ್ನ ಕೈಯಲ್ಲೂ ಅವನ ಕಾಲಲ್ಲೂ ಇರುವುದು ನಮ್ಮ ಅಪ್ಪನಿಂದ, ದೊಡ್ಡಪ್ಪನಿಂದ ಬಂದದ್ದು. ನಿಮ್ಮಲ್ಲೂ ಯಾರಿಗೆ ಇದೆಯೋ ಅವರು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂರಬೇಡಿ."

ಅಕ್ಕ


ಸಾಲೆವಾಯ್
೯ ಅಕ್ಟೋಬರ್ ೧೯೮೩

ಅಕ್ಕಾ,

ಮೊದಲು ಆಸ್ಪತ್ರೆಯ ಸುದ್ದಿ. ಅಪಿಯಾದ ಡಾಕ್ಟರು ನಮ್ಮವರೇ, ವಯಸ್ಸಾದವರು. ಹೆಬ್ಬೆರಳಿನ ಬುಡಕ್ಕೆ ಸೂಜಿ ಹಾಕಿದಾಗ ಲೌಮುವಾ ಅನ್ನುವ ಘನತೆಯೆಲ್ಲ ಮರೆತು "ಅಮ್ಮಾ" ಅಂತ ಕೂಗಿದೆ. ಸಲಿಲೋ ಹೊರಗಿನಿಂದ "ಬದುಕಿದಾನಾ" ಅಂತ ಕೇಳಿದಳು. ಸಂಜೆ ಕರೆದು ತೋರಿಸಿದರು. ನಿನ್ನದೇ ಸೂಜಿಗಳು. ಅವರ ಯಂತ್ರ ಹಳೆಯದು, ಬಣ್ಣ ಇರಲಿಲ್ಲ, ಬೆಳ್ಳಗೆ ಚೂಪಗೆ ಬಿದ್ದಿದ್ದವು. ರಕ್ತವೂ ಈ ಸಲ ಹೆಚ್ಚು ತೋರಿಸಿತು. "ಮನೇಲಿ ಇನ್ಯಾರಿಗಿದೆ ಲೌಮುವಾ?" ಅಂದರು. "ನಮ್ಮ ಅಕ್ಕನಿಗೆ" ಅಂದೆ. ನೋವಿಗೆ ಒಂದು ಮಾತ್ರೆ, ಮುಂದೆ ದಿನಾ ತಿನ್ನಲು ಇನ್ನೊಂದು ಕೊಡುತ್ತಾರೆ. ಅದನ್ನು ನಿಲ್ಲಿಸದೆ ವರ್ಷಗಟ್ಟಲೆ ತಿನ್ನಬೇಕಂತೆ.

ವಂಶದ ಸಭೆಯಲ್ಲಿ ನಿನ್ನ ಹಾಳೆಯನ್ನು ಪಾದ್ರಿ ಓದಿದರು. "ನನ್ನ ಮುಖ ನೋಡಿ ಹೇಳಲಿ" ಅನ್ನುವ ಕಡೆ ಬಂದಾಗ ಎಲ್ಲರೂ ತನೀಲುವನ್ನು ನೋಡಿದರು, ಅವನು ಮಾಡಿನ ತೆಂಗಿನಗರಿ ಎಣಿಸುತ್ತಿದ್ದ. ಯಾರೂ ಎದುರಾಡಲಿಲ್ಲ. ಮಗಳ ಮಾತು ಬಂದ ಮೇಲೆ ಆಡುವುದೇನು? ಪಟ್ಟ ಉಳಿಯಿತು.

ಸಭೆ ಮುಗಿದ ಮೇಲೆ ಒಲೆಮನೆಯ ಹಿಂದೆ ತನೀಲು ನನ್ನ ತೋಳು ಹಿಡಿದ.

"ಆ ಮಾತ್ರೆ ಹೆಸರೇನು?"

"ನಿಂಗ್ಯಾಕೆ?"

"ನಂಗಲ್ಲ ಮಾರಾಯ. ನನ್ನ ಗೆಳೆಯ ಒಬ್ಬ ಇದಾನೆ."

"ನಿನ್ನ ಗೆಳೆಯನಿಗೆ ಯಾವ ಕಾಲು?"

ಅವನು ನನ್ನ ತೋಳು ಬಿಟ್ಟ. "ಎಡಗಾಲು. ನಾಲ್ಕು ವರ್ಷ ಆಯ್ತು" ಅಂದ. ಪಟ್ಟ ಕಟ್ಟದೆಯೇ ಬಂದ ಕಾಯಿಲೆ! ನಗಬೇಕು ಅಂತ ಬಾಯಿ ತೆರೆದೆ, ನಗು ಬರಲಿಲ್ಲ. ಆ ನೋವಿಟ್ಟುಕೊಂಡು ಅವನು ಸಭೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದನಲ್ಲ, ಒಂದು ದಿನವೂ ಕಾಲು ಚಾಚದೆ. ಮುಂದಿನ ವಾರ ಇಬ್ಬರೂ ಒಂದೇ ದೋಣಿಯಲ್ಲಿ ಅಪಿಯಾಕ್ಕೆ ಹೋಗುತ್ತೇವೆ.

ಚಾಪೆ ಸಿಗುವುದಿಲ್ಲ ಅಕ್ಕಾ. ತನೀಲು ಮನೆಯವರು ಅದನ್ನು ಒಂದು ಸಾವಿಗೆ ಕೊಟ್ಟರು, ಅಲ್ಲಿಂದ ಇನ್ನೊಂದು ಊರಿಗೆ ಹೋಗಿದೆ. ಹುಡುಕಿಸಿದೆ. ಈಗ ಯಾರ ಮನೆಯಲ್ಲಿದೆ ಅಂತ ಗೊತ್ತಿಲ್ಲ.

ಅಮ್ಮ ಅದು ನಿನ್ನದು ಅಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕೊಡುವ ದಿನ ಅದನ್ನು ಪೆಟ್ಟಿಗೆಯಿಂದ ತೆಗೆದು ಬಿಚ್ಚಿದಾಗ ಸಲಿಲೋ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಂಡೆ. ನೀನು ದೂರದಲ್ಲಿದ್ದೀಯ, ನಿನಗೇನು ಗೊತ್ತಾಗುತ್ತದೆ ಅಂತಲೇ ಮಾಡಿದೆ. ಅಷ್ಟೇ ಕಾರಣ, ಬೇರೆ ಇಲ್ಲ.

ಜುಲೈಯಲ್ಲಿ ಕೇಳಿದ ಕ್ಷಮೆಯನ್ನು ಹರಿದುಹಾಕು. ಅದು ಹೆದರಿದವನು ಕೇಳಿದ್ದು. ಈಗ ಎರಡು ಕಾಲೂ ತಣ್ಣಗಿವೆ, ಬೆಳಿಗ್ಗೆ ಸಮುದ್ರದ ತನಕ ನಡೆದು ಬಂದೆ. ಪಟ್ಟ ನನ್ನದೇ. ಶಾಪ ಇಲ್ಲ ಅಂತ ಗೊತ್ತಾಗಿದೆ. ನಿನ್ನಿಂದ ನನಗೆ ಯಾವ ಭಯವೂ ಉಳಿದಿಲ್ಲ.

ಅಕ್ಕಾ, ನಿನಗೆ ನೋವು ಮಾಡಿದೆ. ಕ್ಷಮಿಸು.

ಇಯೋನಾ